ದಾದಿಯರ ಶಿಕ್ಷಣವೂ ಮನೋರೋಗಿಗಳ ವಿಷಯದಲ್ಲಿ ನಮ್ಮ ಮನೋಭಾವವೂ

ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ವಿದ್ಯೆಯ ಬಾಗಿಲನ್ನು ತೆರೆದ ಮಿಷನ್ ಶಾಲೆಗಳಿಗೂ ರೋಗಿಗಳ ಶುಶ್ರೂಷೆಗೂ ಬಹುಕಾಲದ ನಂಟುಂಟು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯನ್ನೂ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನೂ ಅರಿಯದವರು ಈ ಸೀಮೆಯಲ್ಲಿ ವಿರಳ. ಅನ್ಯರ ಮೈಯನ್ನು ಮುಟ್ಟಿ ತೊಳೆಯುವುದು ಮರ್ಯಾದಸ್ಥರ ಮನೆಯ ಹೆಣ್ಣಿಗೆ ಹೇಳಿದ ಕೆಲಸವಲ್ಲವೆಂಬ ಭಾವನೆ ಒಂದು ಕಾಲದಲ್ಲಿ ಎಷ್ಟು ಬಲವಾಗಿತ್ತೆಂಬುದನ್ನು ನಮ್ಮ ಅಜ್ಜಿಯರ ತಲೆಮಾರಿನವರು ಬಲ್ಲರು. ಈಗ ಆ ಭಾವನೆ ಬಹುಮಟ್ಟಿಗೆ ಅಳಿದಿದೆ. ದಂಡಿಗನಹಳ್ಳಿ ಹೋಬಳಿಯ ಊರುಗಳಿಂದಲೂ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸೀಮೆಗಳಿಂದಲೂ ಎಷ್ಟೋ ಮಂದಿ ಹುಡುಗಿಯರು ದಾದಿಯರ ಶಿಕ್ಷಣಕ್ಕೆ ಹೋಗುತ್ತಾರೆ. ಮನೆಯವರು ಅದನ್ನು ಸಂತೋಷದಿಂದಲೇ ಹೇಳಿಕೊಳ್ಳುತ್ತಾರೆ. ಇದು ದೇವರಿಗೆ ಸ್ತೋತ್ರ ಸಲ್ಲಿಸತಕ್ಕ ಸಂಗತಿಯೇ ಸರಿ.

ಆದರೆ ಇದೇ ಹುಡುಗಿಯರ ವಿಷಯದಲ್ಲಿ ಒಂದು ಸಂಗತಿಯು ಚಿಂತೆಗೆ ಎಡೆಗೊಡುತ್ತದೆ. ಕೊಳೆತ ಹುಣ್ಣನ್ನು ಕಂಡು ಮೂಗು ಮುಚ್ಚದವಳು, ಕ್ಷಯರೋಗಿಯ ಮಂಚದ ಬಳಿಗೆ ಅಳುಕದೆ ಹೋಗುವವಳು, ಮನೋರೋಗಿಗಳ ವಾರ್ಡಿಗೆ ಕಳುಹಿಸುತ್ತಾರೆಂಬ ಸುದ್ದಿಯನ್ನು ಕೇಳಿದೊಡನೆಯೇ ಕಂಗೆಡುತ್ತಾಳೆ. ಕೆಲವರು ತಮ್ಮ ತಾಯಿತಂದೆಗಳಿಂದ ಕಾಗದ ಬರೆಯಿಸಿ ತಪ್ಪಿಸಿಕೊಳ್ಳುವ ಪ್ರಯತ್ನವನ್ನೂ ಮಾಡುತ್ತಾರಂತೆ. ಹಳೆಯ ವಿದ್ಯಾರ್ಥಿನಿಯರು ರಜದ ದಿವಸಗಳಲ್ಲಿ ಶಾಲೆಗೆ ಬಂದಾಗ ಹೇಳುವ ಮಾತುಗಳಲ್ಲಿ ಮೂರು ಭಾವಗಳು ಕಾಣಬರುತ್ತವೆ. ಮೊದಲನೆಯದು ಭಯ: ಆ ರೋಗಿಗಳು ಯಾವಾಗ ಮೈಮೇಲೆ ಬಿದ್ದಾರೋ ತಿಳಿಯದು ಎಂಬುದು. ಎರಡನೆಯದು ತಾತ್ಸಾರ: ಅವರೊಡನೆ ಆಡುವ ಮಾತಿಗೆ ಅರ್ಥವೇನುಂಟು ಎಂಬುದು. ಮೂರನೆಯದು ನಿರಾಶೆ: ಹುಚ್ಚು ಹಿಡಿದ ಮೇಲೆ ಯಾರು ವಾಸಿಯಾದಾರು ಎಂಬುದು. ಮೊದಲಿನ ಎರಡಕ್ಕಿಂತ ಈ ಮೂರನೆಯದು ಹೆಚ್ಚು ಅಪಾಯಕರವೆಂದು ನನ್ನ ಅಭಿಪ್ರಾಯ. ಏಕೆಂದರೆ ರೋಗಿಯು ಗುಣ ಹೊಂದುವನೆಂಬ ನಂಬಿಕೆಯೇ ಇಲ್ಲದ ದಾದಿಯು ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡಬಲ್ಲಳು, ಹಾಸಿಗೆಯನ್ನು ಅಚ್ಚುಕಟ್ಟಾಗಿ ಹಾಸಬಲ್ಲಳು. ಆದರೆ ಶುಶ್ರೂಷೆಯನ್ನು ಮಾಡಲಾರಳು.

ಈ ಭಾವಗಳನ್ನು ನರ್ಸಿಂಗ್ ಶಾಲೆಗಳು ಕಲಿಸುವುದಿಲ್ಲ. ಹುಡುಗಿಯರು ಅವನ್ನು ಇಲ್ಲಿಂದಲೇ ತೆಗೆದುಕೊಂಡು ಹೋಗುತ್ತಾರೆ. ಆದುದರಿಂದಲೇ ಈ ವಿಷಯವನ್ನು ಆಸ್ಪತ್ರೆಯವರ ಪತ್ರಿಕೆಯಲ್ಲಿ ಬರೆಯುವುದಕ್ಕಿಂತ, ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಓದುವ ಈ ಸ್ಮರಣ ಸಂಚಿಕೆಯಲ್ಲಿ ಬರೆಯುವುದು ಉಚಿತವೆಂದು ನನಗೆ ತೋರಿತು.

ಮಗುವು ಮಾತು ಕಲಿಯುವ ಕಾಲದಲ್ಲಿಯೇ "ಹುಚ್ಚ", "ಹುಚ್ಚಿ" ಎಂಬ ಮಾತುಗಳನ್ನು ಬೈಗುಳವಾಗಿ ಕಲಿಯುತ್ತದೆ. ಊಟ ಮಾಡದ ಮಗುವಿಗೆ ಹುಚ್ಚನಿಗೆ ಹಿಡಿದುಕೊಡುವೆವೆಂದು ಹೆದರಿಸುವ ವಾಡಿಕೆ ಇನ್ನೂ ಪೂರಾ ಹೋಗಿಲ್ಲ. ಬಸ್ಸಿನ ನಿಲ್ದಾಣದಲ್ಲಿ ಹರಕು ಬಟ್ಟೆಯುಟ್ಟು ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುವ ಬಡಪಾಯಿಯ ಮೇಲೆ ಹುಡುಗರು ಕಲ್ಲೆಸೆದರೆ ಹಿರಿಯರು ನಕ್ಕು ಸುಮ್ಮನಾಗುವುದನ್ನು ಯಾವ ಊರಿನಲ್ಲಿಯಾದರೂ ಕಾಣಬಹುದು. ನಾಟಕ, ಚಲಚ್ಚಿತ್ರ, ಈಗಿನ ದೂರದರ್ಶನದ ಧಾರಾವಾಹಿ, ಇವೆಲ್ಲವೂ ಚಿತ್ತವಿಕಲರನ್ನು ಒಂದೋ ಕೊಲೆಗಡುಕರನ್ನಾಗಿಯೋ, ಇಲ್ಲವೆ ನಗಿಸುವ ಪಾತ್ರಗಳನ್ನಾಗಿಯೋ ತೋರಿಸುವುದೇ ಹೆಚ್ಚು. ಇಷ್ಟೆಲ್ಲವನ್ನೂ 17 ವರ್ಷಗಳ ಕಾಲ ಕಂಡು ಕೇಳಿ ಬೆಳೆದ ಹುಡುಗಿಗೆ ಬಿಳಿಯ ಸಮವಸ್ತ್ರವನ್ನು ತೊಡಿಸಿದ ಮಾತ್ರಕ್ಕೆ ಹೃದಯವು ಬೇರೆಯಾಗುವುದೇ?

ನಮ್ಮಲ್ಲಿ ಒಂದು ಗಾದೆಯುಂಟು: ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು. ಕೇಳಿದವರು ನಗುತ್ತಾರೆ. ಆದರೆ ಈ ಗಾದೆಯ ಹಿಂದೆ ಎಷ್ಟು ಮನೆಗಳ ಕಣ್ಣೀರು ಇದೆಯೋ ಬಲ್ಲವರು ಯಾರು! ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವುದು, ಮದುವೆಯಿಂದ ಗುಣವಾಗುವುದೆಂದು ನಂಬುವುದು, ಔಷಧವನ್ನು ಸೇವಿಸುವುದು ಗಂಡನ ಮನೆಯವರಿಗೆ ತಿಳಿದೀತೆಂಬ ಅಂಜಿಕೆಯಿಂದ ಅದನ್ನು ನಿಲ್ಲಿಸುವುದು, ರೋಗವು ಮರುಕಳಿಸಿದಾಗ ಹೆಣ್ಣನ್ನು ತೌರಿಗೆ ಅಟ್ಟುವುದು: ಈ ನಾಲ್ಕು ಹೆಜ್ಜೆಗಳು ಒಂದರ ಹಿಂದೊಂದು ಬರುತ್ತವೆ. ನಾಲ್ಕಕ್ಕೂ ಮೂಲವು ರೋಗವಲ್ಲ, ನಾಚಿಕೆ. ಮಧುಮೇಹವುಳ್ಳ ಹುಡುಗಿಯ ಔಷಧವನ್ನು ಯಾರೂ ಹೀಗೆ ಬಚ್ಚಿಡಲಾರರು.

ಮನಸ್ಸಿನ ರೋಗವು ರೋಗವೇ ಎಂಬುದು ಹೊಸ ಮಾತೇನೂ ಅಲ್ಲ. ಚರಕಸಂಹಿತೆಯಲ್ಲಿ ಉನ್ಮಾದದ ನಿದಾನಕ್ಕೂ ಚಿಕಿತ್ಸೆಗೂ ಪ್ರತ್ಯೇಕವಾದ ಅಧ್ಯಾಯಗಳಿವೆ. ಸತ್ಯವೇದದಲ್ಲಿ ಸೌಲ ರಾಜನು ಮನಸ್ಸಿನ ಸಂಕಟದಿಂದ ಬಳಲುತ್ತಿದ್ದಾಗ ದಾವೀದನು ಕಿನ್ನರಿಯನ್ನು ನುಡಿಸಿ ಅವನಿಗೆ ಉಪಶಮನವನ್ನುಂಟುಮಾಡುತ್ತಿದ್ದನೆಂದು ಓದುತ್ತೇವೆ. ಇಂದು ಈ ರೋಗಗಳ ವ್ಯಾಪ್ತಿಯ ವಿಷಯದಲ್ಲಿ ಊಹೆಗೆ ಕಾರಣವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಯಿಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ 10.6 ಮಂದಿ ಸಮೀಕ್ಷೆಯ ಕಾಲದಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಗೆ ಒಳಗಾಗಿದ್ದರು. ಜೀವಮಾನದಲ್ಲಿ ಎಂದಾದರೂ ಒಳಗಾದವರು ಶೇಕಡಾ 13.7. ಚಿಕಿತ್ಸೆ ಬೇಕಾಗಿದ್ದೂ ಅದು ದೊರೆಯದವರ ಪ್ರಮಾಣವು, ರೋಗದ ಬಗೆಯನ್ನನುಸರಿಸಿ, ಶೇಕಡಾ 70ರಿಂದ 92ರವರೆಗೆ ಇತ್ತು. ಹತ್ತು ಮಂದಿ ಹಿರಿಯರಿಗೆ ಒಬ್ಬರೆಂದರೆ, ಈ ಸಂಚಿಕೆಯನ್ನು ಓದುತ್ತಿರುವ ಮನೆಗಳಲ್ಲಿ ಆ ಒಬ್ಬರು ಇಲ್ಲದ ಬಂಧುಬಳಗವು ಇರಲಾರದು. ಹೀಗಿರುವಲ್ಲಿ "ಅಂಥವರು" ಎಂದು ಬೆರಳು ತೋರಿಸುವುದಕ್ಕೆ ನಮಗೆ ದಾರಿಯೆಲ್ಲಿ?

ನಮ್ಮ ನಾಡಿನಲ್ಲಿ ಈ ರೋಗಿಗಳ ಆರೈಕೆಯ ಕಥೆಯು ಅಭಿಮಾನಪಡತಕ್ಕದ್ದಾಗಿದೆ. ಧಾರವಾಡದಲ್ಲಿ 1845ರಲ್ಲಿಯೂ ಬೆಂಗಳೂರಿನಲ್ಲಿ 1847ರಲ್ಲಿಯೂ ಹುಚ್ಚರ ಆಸ್ಪತ್ರೆಗಳು ಆರಂಭವಾದವು. ಬೆಂಗಳೂರಿನದು 1925ರಲ್ಲಿ ತನ್ನ ಹಳೆಯ ಹೆಸರನ್ನು ಬಿಟ್ಟು ಮಾನಸಿಕ ಆಸ್ಪತ್ರೆಯೆಂದು ಕರೆಯಲ್ಪಟ್ಟಿತು. ಹೆಸರನ್ನು ಬದಲಾಯಿಸಿದುದು ಅಲ್ಪಕಾರ್ಯವೆಂದು ಎಣಿಸಬಾರದು. ಒಳಗಿರುವವರು ಬಂದಿಗಳಲ್ಲ, ರೋಗಿಗಳು ಎಂದು ಮೈಸೂರು ಸಂಸ್ಥಾನವು ಅದರಿಂದ ಸಾರಿತು. ಡಾಕ್ಟರ್ ಫ್ರಾಂಕ್ ನೊರೋನ್ಹರವರೂ ಅವರ ತರುವಾಯ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರೂ ಅದರ ಮೇಲ್ವಿಚಾರಣೆಯನ್ನು ನಡೆಯಿಸಿದರು. 1930ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲವಾದ ಬಯಲಿನಲ್ಲಿ ಹೊಸ ಕಟ್ಟಡಗಳು ಎದ್ದವು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಆರಂಭವಾಯಿತು. ಆ ದಶಕದಲ್ಲಿಯೇ ದಾದಿಯರಿಗೆ ಮನೋರೋಗ ಶುಶ್ರೂಷೆಯ ವಿಶೇಷ ಶಿಕ್ಷಣವನ್ನು ಕೊಡುವ ಏರ್ಪಾಡೂ ಅಲ್ಲಿ ಆಯಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರನ್ನು ಪಡೆದವು. ಚನ್ನರಾಯಪಟ್ಟಣದಿಂದ ಸುಮಾರು 150 ಕಿಲೋಮೀಟರುಗಳ ದೂರದಲ್ಲಿ ಇಡೀ ದೇಶವೇ ನೋಡಿ ಕಲಿಯುವ ವಿದ್ಯಾಲಯವೊಂದು ಇರುವಾಗ, "ನಿಮ್ಹಾನ್ಸಿಗೆ ಕಳಿಸಬೇಕಾದವನು" ಎಂಬುದನ್ನು ನಮ್ಮ ಹುಡುಗಿಯರು ಹಾಸ್ಯದ ಮಾತಾಗಿ ಮಾಡಿಕೊಂಡಿರುವುದು ವಿಷಾದಕರ.

ಮನೋರೋಗಿಗಳ ಸಂಕೋಲೆಗಳನ್ನು ಕಳಚಿದ ಕೀರ್ತಿಯನ್ನು ಲೋಕವು ಫ್ರಾನ್ಸ್ ದೇಶದ ವೈದ್ಯನಾದ ಫಿಲಿಪ್ ಪಿನೆಲನಿಗೆ ಕೊಟ್ಟಿದೆ. ಆದರೆ ಪ್ಯಾರಿಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಆ ಕೆಲಸವನ್ನು ನಿಜವಾಗಿ ಮಾಡಿದವನು ವೈದ್ಯನಲ್ಲ. ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಪ್ಯುಸ್ಸೆಂ ಎಂಬ ಮೇಲ್ವಿಚಾರಕನು ಅದನ್ನು ಮಾಡಿದನು. ಅವನ ಹೆಂಡತಿಯೂ ಆ ಕಾರ್ಯದಲ್ಲಿ ಅವನಿಗೆ ನೆರವಾಗಿದ್ದಳು. ಅವನು ತಾನೇ ಒಮ್ಮೆ ಆ ಆಸ್ಪತ್ರೆಯಲ್ಲಿ ಗಂಡಮಾಲೆಯ ರೋಗಿಯಾಗಿದ್ದವನು. ಗುಣಹೊಂದಿದ ಮನೋರೋಗಿಗಳನ್ನೇ ಅವನು ಪರಿಚಾರಕರನ್ನಾಗಿ ನೇಮಿಸಿಕೊಳ್ಳುತ್ತಿದ್ದನು, ಏಕೆಂದರೆ ಅವರು ಇತರರಿಗಿಂತ ಹೆಚ್ಚು ಕರುಣೆಯುಳ್ಳವರಾಗಿದ್ದರು. ಅದಕ್ಕೆ ಒಂದು ವರ್ಷ ಮುಂಚೆ, 1796ರಲ್ಲಿ, ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿಯು ಕ್ವೇಕರ್ ಸಭೆಯವರ ಸಹಾಯದಿಂದ "ರಿಟ್ರೀಟ್" ಎಂಬ ಮನೆಯನ್ನು ತೆರೆದನು. ತಮ್ಮ ಸಭೆಯ ಹೆಣ್ಣುಮಗಳೊಬ್ಬಳು ಅಲ್ಲಿನ ಹುಚ್ಚಾಸ್ಪತ್ರೆಯಲ್ಲಿ ಕೆಲವೇ ವಾರಗಳಲ್ಲಿ ಸತ್ತುದೇ ಅದಕ್ಕೆ ಪ್ರೇರಣೆ. ಆ ಮನೆಯಲ್ಲಿ ಔಷಧಕ್ಕಿಂತ ಹೆಚ್ಚಾಗಿ ತೋಟದ ಕೆಲಸ, ಮೃದುವಾದ ಮಾತು, ಮರ್ಯಾದೆಯ ನಡತೆ ಇವುಗಳನ್ನೇ ನೆಚ್ಚಿಕೊಂಡಿದ್ದರು. ಮನೋರೋಗದ ಔಷಧಗಳು ಬಂದುದು 1950ರ ಸುಮಾರಿಗೆ. ಅದಕ್ಕೆ ಒಂದೂವರೆ ಶತಮಾನ ಮುಂಚೆಯೇ ರೋಗಿಗಳು ಶಾಂತರಾದುದುಂಟು. ಅವರನ್ನು ಶಾಂತಗೊಳಿಸಿದುದು ಆರೈಕೆ ಮಾಡಿದವರ ಮನೋಭಾವ. ದಾದಿಯ ಮನೋಭಾವವು ಸಣ್ಣ ಸಂಗತಿಯೆಂದು ಹೇಳುವವರಿಗೆ ಈ ಎರಡು ದೃಷ್ಟಾಂತಗಳೇ ಸಾಕಾದ ಉತ್ತರ.

ಗೆರಸೇನರ ಸೀಮೆಯ ವೃತ್ತಾಂತವನ್ನು ನಮ್ಮ ಹುಡುಗಿಯರು ಚಿಕ್ಕ ತರಗತಿಯಲ್ಲಿಯೇ ಕಲಿಯುತ್ತಾರೆ. ಸಮಾಧಿಗಳ ನಡುವೆ ವಾಸಿಸುತ್ತ, ಸಂಕೋಲೆಗಳನ್ನು ಕಿತ್ತೊಗೆಯುತ್ತ, ಕಲ್ಲುಗಳಿಂದ ಮೈಯನ್ನು ಜಜ್ಜಿಕೊಳ್ಳುತ್ತಿದ್ದ ಆ ಮನುಷ್ಯನಿಗೆ ಊರಿನವರು ಮಾಡಿದ ಚಿಕಿತ್ಸೆಯು ಕಟ್ಟಿಹಾಕುವುದೊಂದೇ ಆಗಿತ್ತು. ಯೇಸುಸ್ವಾಮಿಯು ಅವನ ಹೆಸರನ್ನು ಕೇಳಿದನು. ಆಮೇಲೆ ಅವನು ಬಟ್ಟೆಯುಟ್ಟು ಸ್ವಸ್ಥಚಿತ್ತನಾಗಿ ಕುಳಿತಿದ್ದುದನ್ನು ಕಂಡಾಗ ಊರಿನವರು ಸಂತೋಷಪಡಲಿಲ್ಲ, ಹೆದರಿದರು. ಇದನ್ನು ನಾವು ಗಮನಿಸುವುದು ಕಡಿಮೆ. ಗುಣಹೊಂದಿದವನನ್ನು ಕಂಡರೂ ಹೆದರುವ ಜನ ಅಂದಿಗೇ ಮುಗಿದುಹೋಗಲಿಲ್ಲ. ಸ್ವಾಮಿಯು ಅವನನ್ನು ಬೇರೆಲ್ಲಿಗೂ ಕರೆದೊಯ್ಯದೆ, ಅವನ ಮನೆಗೆ, ಅವನ ಜನರ ಬಳಿಗೆ ಕಳುಹಿಸಿದನು. ರೋಗಿಗೆ ಮನೆಯೇ ಕೊನೆಯ ವಾರ್ಡೆಂಬ ಪಾಠವು ಅದರಲ್ಲಿ ಅಡಗಿದೆ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಮಹಾವಿದ್ಯಾಲಯದವರು 1957ರಲ್ಲಿ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದಾಗ ರೋಗಿಯೊಡನೆ ಮನೆಯವರೊಬ್ಬರು ಉಳಿಯಬೇಕೆಂಬ ಕ್ರಮವನ್ನಿಟ್ಟರು. ಅದೇ ದಶಕದಲ್ಲಿ ಅಮೃತಸರದ ಡಾಕ್ಟರ್ ವಿದ್ಯಾಸಾಗರರು ಆಸ್ಪತ್ರೆಯ ಆವರಣದಲ್ಲಿ ಗುಡಾರಗಳನ್ನು ಹಾಕಿಸಿ ಮನೆಯವರನ್ನು ಉಳಿಸಿಕೊಂಡಿದ್ದರು.

ಇದಕ್ಕೆ ವ್ಯತಿರಿಕ್ತವಾದುದು ಏನೆಂಬುದನ್ನೂ ನಮ್ಮ ಕಾಲವು ಕಂಡಿದೆ. ತಮಿಳುನಾಡಿನ ಎರವಾಡಿಯಲ್ಲಿ 2001ನೆಯ ಆಗಸ್ಟ್ 6ರ ಬೆಳಗಿನ ಜಾವ ಗುಡಿಸಲೊಂದಕ್ಕೆ ಬೆಂಕಿ ಬಿದ್ದಾಗ, ಸರಪಣಿಗಳಿಂದ ಬಿಗಿದಿದ್ದ ಮನೋರೋಗಿಗಳು ಓಡಲಾರದೆ ಬೆಂದುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿ ಬಿಟ್ಟುಹೋದವರು ಕ್ರೂರಿಗಳಾಗಿರಲಿಲ್ಲ. ದಾರಿಗಾಣದ ತಾಯಿತಂದೆಗಳು, ಅಣ್ಣತಮ್ಮಂದಿರು. 2017ರ ಮಾನಸಿಕ ಆರೋಗ್ಯ ಆರೈಕೆಯ ಕಾನೂನು ಸರಪಣಿಯಿಂದ ಬಂಧಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಮನೋರೋಗಿಯನ್ನು ಶರೀರದ ರೋಗಿಗೆ ಸರಿಸಮಾನನಾಗಿ ನೋಡತಕ್ಕದ್ದೆಂದೂ ವಿಧಿಸಿದೆ. ಕಾನೂನು ಕಬ್ಬಿಣದ ಸರಪಣಿಯನ್ನು ಬಿಚ್ಚಬಲ್ಲುದು. ನೋಟದ ಸರಪಣಿಯನ್ನು ಬಿಚ್ಚುವುದು ಅದರ ಕೈಲಾಗದು.

"ನನ್ನ ಮಗಳು ಹುಚ್ಚಾಸ್ಪತ್ರೆಯಲ್ಲಿ ಕೆಲಸ ಮಾಡುವವಳಲ್ಲ, ಹೆರಿಗೆಯ ವಾರ್ಡಿನಲ್ಲಿಯೋ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿಯೋ ಇರುವವಳು, ಅವಳಿಗೆ ಇದರಿಂದೇನು?" ಎಂದು ಕೇಳುವ ಪೋಷಕರು ಇರಬಹುದು. ಮನೋರೋಗವು ಮನೋರೋಗದ ವಾರ್ಡಿನಲ್ಲಿಯೇ ಇರುತ್ತದೆಂಬುದು ತಪ್ಪು ತಿಳಿವಳಿಕೆ. ಬಾಣಂತಿಯು ಹೆರಿಗೆಯಾದ ಕೆಲವು ದಿವಸಗಳಲ್ಲಿ ನಿದ್ದೆಯಿಲ್ಲದೆ, ಕಾರಣವಿಲ್ಲದೆ ಅಳುತ್ತ, ಕೂಸನ್ನು ಎತ್ತಿಕೊಳ್ಳಲೊಲ್ಲದೆ ಇದ್ದರೆ, ಅದನ್ನು ಹಟವೆಂದೋ ಗಾಳಿಯೆಂದೋ ಬಗೆಯುವ ದಾದಿಯಿಂದ ತಾಯಿಮಗು ಇಬ್ಬರ ಪ್ರಾಣಕ್ಕೂ ಸಂಚಕಾರ ಬರಬಹುದು. ಚಿತ್ತವಿಕಲನು ಎದೆನೋವೆಂದು ಹೇಳಿದರೆ ಅದೂ ಅವನ ಭ್ರಮೆಯೆಂದು ತಳ್ಳಿಹಾಕಿ, ನಿಜವಾದ ಹೃದ್ರೋಗವು ಗಮನಕ್ಕೆ ಬಾರದೆ ಹೋಗುವುದುಂಟು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮಂಥ ಬೇಸಾಯದ ಜಿಲ್ಲೆಗಳಲ್ಲಿ ಹೊಲಕ್ಕೆ ತಂದ ಕೀಟನಾಶಕವನ್ನು ಕುಡಿದವರನ್ನು ತಾಲ್ಲೂಕು ಆಸ್ಪತ್ರೆಗೆ ಹೊತ್ತು ತರುತ್ತಾರೆ. ಅವರ ಹೊಟ್ಟೆಯನ್ನು ತೊಳೆಯುವಾಗ ದಾದಿಯ ಬಾಯಿಂದ ಬರುವ ಮಾತುಗಳು ಯಾವುವು? "ಸಾಯುವುದಕ್ಕೆ ನಿನಗೇನು ಬಂದಿತ್ತು, ನಮಗೆ ಕೆಲಸ ಹಚ್ಚುವುದಕ್ಕೆ" ಎಂಬಂಥ ಮಾತುಗಳನ್ನು ಅವರು ಕೇಳಬೇಕಾಗುವುದುಂಟು. ಬದುಕಿಗೆ ಬೆನ್ನು ತಿರುಗಿಸಿದವನನ್ನು ಮತ್ತೆ ಬದುಕಿನ ಕಡೆಗೆ ತಿರುಗಿಸಲು ಆ ಒಂದು ರಾತ್ರಿಯಷ್ಟು ಅನುಕೂಲವಾದ ಸಮಯ ಮತ್ತೊಂದಿಲ್ಲ. ಅದನ್ನು ನಾವು ನಿಂದೆಯಲ್ಲಿ ಕಳೆಯುತ್ತೇವೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಒತ್ತಡಕ್ಕೆ ಸಿಕ್ಕಿದ್ದನೆಂದೇ ಭಾವಿಸತಕ್ಕದ್ದು ಎಂದು ಮೇಲೆ ಹೇಳಿದ ಕಾನೂನಿನ 115ನೆಯ ಪ್ರಕರಣವು ಹೇಳುತ್ತದೆ. ನ್ಯಾಯಸ್ಥಾನವೇ ಕನಿಕರಿಸಬೇಕೆಂದಿರುವಲ್ಲಿ ದಾದಿಯು ಕಠಿಣಳಾಗಬಹುದೇ?

ಇನ್ನೊಂದು ಹಾನಿಯು ಹುಡುಗಿಗೇ ಸಂಬಂಧಪಟ್ಟದ್ದು. ರಾತ್ರಿಪಾಳಿ, ಊರಿನಿಂದ ದೂರವಾದ ವಸತಿಗೃಹ, ಪರೀಕ್ಷೆಯ ಅಂಜಿಕೆ, ಕಣ್ಣೆದುರಿನ ಸಾವುಗಳು: ದಾದಿಯ ವಿದ್ಯಾಭ್ಯಾಸದಲ್ಲಿ ಮನಸ್ಸು ಬಳಲುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಮನೋರೋಗಿಗಳನ್ನು ತಾತ್ಸಾರದಿಂದ ಕಾಣಲು ಕಲಿತವಳು ತಾನೇ ಬಳಲಿದಾಗ ಆ ತಾತ್ಸಾರವನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಾಳೆ. ಯಾರೊಡನೆಯೂ ಹೇಳಲಾರಳು, ಹೇಳಿದರೆ ತಾನೂ ಆ ಪಂಕ್ತಿಗೆ ಸೇರಿದೆನೆಂಬ ನಾಚಿಕೆ. ಹೀಗೆ ಮೌನವಾಗಿ ನೊಂದು ಶಿಕ್ಷಣವನ್ನೇ ಬಿಟ್ಟು ಬಂದವರೂ ಇದ್ದಾರೆ. ನಾವು ಮಗಳಿಗೆ ಕಲಿಸಿದ ಒಂದು ಬೈಗುಳವು ಎಷ್ಟು ದೂರ ಹೋಗಿ ಅವಳಿಗೇ ತಗಲುವುದೆಂಬುದನ್ನು ತಾಯಿತಂದೆಗಳು ಯೋಚಿಸಬೇಕು.

ಇನ್ನು, ನರ್ಸಿಂಗ್ ಶಾಲೆಗಳು ಮಾಡತಕ್ಕದ್ದೇನು? ಈ ವಿಷಯವು ಪಾಠಪಟ್ಟಿಯಲ್ಲಿ ಇಲ್ಲದೆ ಇಲ್ಲ. ಮೂರು ವರ್ಷಗಳ ಸಾಮಾನ್ಯ ಶುಶ್ರೂಷಾ ಶಿಕ್ಷಣದಲ್ಲಿಯೂ ನಾಲ್ಕು ವರ್ಷಗಳ ಪದವಿಯಲ್ಲಿಯೂ ಮಾನಸಿಕ ಆರೋಗ್ಯದ ಶುಶ್ರೂಷೆಯು ಕಡ್ಡಾಯವಾದ ವಿಷಯ. ರೋಗಿಗಳ ನಡುವೆ ಕೆಲವು ವಾರಗಳ ಅಭ್ಯಾಸವೂ ಕಡ್ಡಾಯ. ಕರ್ನಾಟಕದ ಅನೇಕ ಶಾಲೆಗಳು ತಮ್ಮ ವಿದ್ಯಾರ್ಥಿನಿಯರನ್ನು ಇದಕ್ಕಾಗಿ ಬೆಂಗಳೂರಿಗೋ ಧಾರವಾಡಕ್ಕೋ ಕಳುಹಿಸುತ್ತವೆ. ಕಳೆದ ದಶಕದಲ್ಲಿ ನಿಮ್ಹಾನ್ಸಿನ ಶುಶ್ರೂಷಾ ವಿಭಾಗದ ಅಧ್ಯಾಪಕರು ವಿದ್ಯಾರ್ಥಿನಿಯರ ಮನೋಭಾವವನ್ನೇ ಪ್ರಶ್ನಾವಳಿಗಳಿಂದ ಅಳೆದು ನೋಡಿ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ತಿಳಿವಳಿಕೆಯು ಹೆಚ್ಚಿದ ಮಾತ್ರಕ್ಕೆ ಮನೋಭಾವವು ತಾನಾಗಿ ಬದಲಾಗದೆಂಬುದು ಲೋಕದ ಅನೇಕ ಕಡೆಗಳ ಅನುಭವ. ರೋಗಲಕ್ಷಣಗಳನ್ನು ಬಾಯಿಪಾಠ ಮಾಡಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದವಳು ಹೆದರುವುದನ್ನು ಬಿಟ್ಟಿರುವಳೆಂದು ಹೇಳಲಾಗದು.

ಮನೋಭಾವವು ಬದಲಾಗುವುದು ಸಂಪರ್ಕದಿಂದ. ಆ ಸಂಪರ್ಕವು ಎಂಥದೆಂಬುದೂ ಮುಖ್ಯವೇ. ಪೂರ್ವಗ್ರಹಗಳ ಸ್ವರೂಪವನ್ನು ಕುರಿತು 1954ರಲ್ಲಿ ಗ್ರಂಥ ಬರೆದ ಅಮೆರಿಕದ ಗಾರ್ಡನ್ ಆಲ್‌ಪೋರ್ಟರು, ಸಮಾನರಾಗಿ, ಒಂದೇ ಗುರಿಗಾಗಿ, ಜೊತೆಯಲ್ಲಿ ದುಡಿದಾಗಲೇ ಪರಸ್ಪರರ ಸಂಪರ್ಕವು ಪೂರ್ವಗ್ರಹವನ್ನು ಅಳಿಸುವುದೆಂದು ತೋರಿಸಿದರು. ನಮ್ಮ ಹುಡುಗಿಯರು ಮೊದಲ ದಿನವೇ ಕಾಣುವುದು ರೋಗವು ಅತ್ಯಂತ ಉಲ್ಬಣಗೊಂಡವರನ್ನು. ಅವರು ಗುಣವಾಗಿ ಮನೆಗೆ ಹೋಗಿ, ಹೊಲ ಉತ್ತು, ಹಾಲು ಕರೆದು, ಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಅವರು ಕಾಣುವುದೇ ಇಲ್ಲ; ಅಷ್ಟರಲ್ಲಿ ಅಭ್ಯಾಸದ ವಾರಗಳು ಮುಗಿದಿರುತ್ತವೆ. ಸಿಡುಬಿನ ಕೀವನ್ನಷ್ಟೇ ಕಂಡು, ಮಾಗಿದ ಕಲೆಯನ್ನು ಎಂದೂ ಕಾಣದವಳಿಗೆ ಸಿಡುಬು ವಾಸಿಯಾಗುವುದೆಂದು ಹೇಗೆ ತಿಳಿದೀತು? ಆದುದರಿಂದ ಗುಣಹೊಂದಿದವರನ್ನು ತರಗತಿಗೆ ಅತಿಥಿಗಳಾಗಿ ಕರೆದು ಅವರ ಬಾಯಿಂದಲೇ ಅವರ ಅನುಭವವನ್ನು ಕೇಳಿಸುವ ಪದ್ಧತಿಯು ವಾರ್ಡಿನ ಅಭ್ಯಾಸಕ್ಕಿಂತ ಮುಂಚೆಯೇ ನಡೆಯಬೇಕೆಂದು ನನ್ನ ದೃಢವಾದ ಅಭಿಪ್ರಾಯ. ದಾದಿಗೂ ರೋಗಿಗೂ ಇರುವ ಸಂಬಂಧವೇ ಚಿಕಿತ್ಸೆಯೆಂದು 1952ರಲ್ಲಿ ಬರೆದ ಹಿಲ್ಡೆಗಾರ್ಡ್ ಪೆಪ್ಲೌ ತಾವೇ ದಾದಿಯಾಗಿದ್ದರು. ಆ ಮಾತು ಪರೀಕ್ಷೆಯ ಉತ್ತರವಾಗಿ ಉಳಿಯದೆ ಅನುಭವವಾಗಬೇಕಾದರೆ ಇದೇ ದಾರಿ.

ಇಂಥ ಗುಣಹೊಂದಿದವರನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನಿಮ್ಹಾನ್ಸಿನ ವೈದ್ಯರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದಲೂ, ಅನಂತರ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿಯೂ, ಸ್ಕಿಜೋಫ್ರೀನಿಯ ಎಂಬ ಕಠಿಣವಾದ ಚಿತ್ತವಿಕಲತೆಯುಳ್ಳವರನ್ನು ಹಳ್ಳಿಹಳ್ಳಿಗಳಲ್ಲಿ ಗುರುತಿಸಿ, ಅವರ ಊರಿನ ಹತ್ತಿರವೇ ಚಿಕಿತ್ಸೆ ಕೊಡುತ್ತ ಬಂದರು. ಎಷ್ಟೋ ವರ್ಷಗಳಿಂದ ಔಷಧವನ್ನೇ ಕಾಣದಿದ್ದವರು ಚಿಕಿತ್ಸೆ ದೊರೆತ ಮೇಲೆ ಮತ್ತೆ ದುಡಿಮೆಗೆ ಮರಳಿದರು. ಚಿಕಿತ್ಸೆ ಪಡೆದವರ ಅಸಾಮರ್ಥ್ಯವು ಪಡೆಯದವರದಕ್ಕಿಂತ ಕಡಿಮೆಯೆಂಬುದು ಅಲ್ಲಿನ ಅಧ್ಯಯನಗಳಿಂದ ತಿಳಿದುಬಂದಿತು. ಈ ಕಾರ್ಯದಲ್ಲಿ ವೈದ್ಯರಷ್ಟೇ ಆಶಾ ಕಾರ್ಯಕರ್ತೆಯರೂ ದುಡಿದರು. ತುರುವೇಕೆರೆಯು ನಮ್ಮ ತಾಲ್ಲೂಕಿಗೆ ನೆರೆಯದು. ಅಲ್ಲಿನ ತೆಂಗಿನ ತೋಟ, ರಾಗಿಯ ಹೊಲಗಳಲ್ಲಿ ಆದುದು ಇಲ್ಲಿನ ತೋಟ, ಹೊಲಗಳಲ್ಲಿ ಆಗದೇಕೆ?

ಭಯಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುವುದಿಲ್ಲ. ಉದ್ರಿಕ್ತನಾದ ರೋಗಿಯು ಕೈಯೆತ್ತುವುದುಂಟು. ದಾದಿಯರಿಗೆ ಪೆಟ್ಟಾದುದೂ ಉಂಟು. ಹುಡುಗಿಯರ ಕ್ಷೇಮಕ್ಕೆ ಬೇಕಾದ ಏರ್ಪಾಡುಗಳನ್ನು ಮಾಡದೆ ಧೈರ್ಯವನ್ನು ಉಪದೇಶಿಸುವವರೊಡನೆ ನನಗೆ ಸಮ್ಮತಿಯಿಲ್ಲ. ರಾತ್ರಿಪಾಳಿಯಲ್ಲಿ ಒಬ್ಬಳನ್ನೇ ಬಿಡುವುದು, ಅನುಭವವಿಲ್ಲದವಳನ್ನು ಮೊದಲ ವಾರದಲ್ಲಿಯೇ ಉಗ್ರವಾದ ವಾರ್ಡಿಗೆ ಹಾಕುವುದು ಅನ್ಯಾಯವೇ ಸರಿ. ಆದರೆ ಮನೋರೋಗಿಗಳಲ್ಲಿ ಬಹುಮಂದಿ ಯಾರಿಗೂ ಹಾನಿ ಮಾಡುವವರಲ್ಲ; ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವವರೇ ಅವರಲ್ಲಿ ಹೆಚ್ಚು. ಅಂಟುರೋಗದ ವಾರ್ಡಿನಲ್ಲಿಯೂ ಅಪಾಯವುಂಟು. ಕೋವಿಡ್ ವ್ಯಾಧಿಯ 2020 ಮತ್ತು 2021ನೆಯ ವರ್ಷಗಳಲ್ಲಿ ಇದೇ ದಾದಿಯರು ಪ್ರಾಣಭಯವನ್ನು ಲಕ್ಷಿಸದೆ ನಿಂತರು. ಜನರು ಅವರಿಗೆ ಚಪ್ಪಾಳೆ ತಟ್ಟಿದರು. ಅಪಾಯವಿದ್ದ ಕಡೆ ಎಚ್ಚರವಿರಬೇಕು, ಜುಗುಪ್ಸೆಯು ಎಚ್ಚರವಲ್ಲ.

ಕೊನೆಯದಾಗಿ, ನಾವು ಮಾಡಬಹುದಾದ ಕೆಲವು ಕಾರ್ಯಗಳನ್ನು ಸೂಚಿಸುತ್ತೇನೆ.

ತಾಯಿತಂದೆಗಳು ಮನೆಯಲ್ಲಿ ಹುಚ್ಚು ಎಂಬ ಮಾತನ್ನು ಬೈಗುಳವಾಗಿಯೂ ಬೆದರಿಕೆಯಾಗಿಯೂ ಬಳಸದಿರಲಿ. ಮನೆಯಲ್ಲಿ ಯಾರಾದರೂ ಹೀಗೆ ನೊಂದಿದ್ದರೆ ಹರಕೆ ಹೊರುವುದಕ್ಕೂ ಪ್ರಾರ್ಥಿಸುವುದಕ್ಕೂ ಯಾರೂ ಅಡ್ಡಿಯಿಲ್ಲ. ಆದರೆ ಮಂತ್ರವಾದಿಯ ಏಟುಗಳಿಗೂ ಉಪವಾಸಗಳಿಗೂ ಆ ದೇಹವನ್ನು ಒಪ್ಪಿಸಬೇಡಿರಿ. ಈಗ ಚಿಕಿತ್ಸೆಗೆ ಬೆಂಗಳೂರಿನವರೆಗೆ ಹೋಗಲೇಬೇಕೆಂದಿಲ್ಲ. ಹಾಸನದ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಮನೋರೋಗ ವಿಭಾಗವುಂಟು. 2022ನೆಯ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ದೂರವಾಣಿ ಮಾಡಿದರೆ ಹಗಲಿರುಳೂ ಹಣವಿಲ್ಲದೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಮಗಳು ಮನೋರೋಗದ ಶುಶ್ರೂಷೆಯಲ್ಲಿ ವಿಶೇಷ ಶಿಕ್ಷಣವನ್ನು ಪಡೆಯುವೆನೆಂದರೆ "ಆಮೇಲೆ ನಿನ್ನನ್ನು ಮದುವೆಯಾಗುವವರಾರು" ಎಂದು ಅವಳ ಉತ್ಸಾಹವನ್ನು ಮುರಿಯಬೇಡಿರಿ. ನೂರು ವರ್ಷಗಳ ಹಿಂದೆ ದಾದಿಯಾಗುವೆನೆಂದ ಪ್ರತಿಯೊಬ್ಬ ಹುಡುಗಿಗೂ ಹೇಳುತ್ತಿದ್ದ ಮಾತು ಅದೇ.

ಶುಶ್ರೂಷಾವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ತಂಗಿಯರಿಗೆ ನೀವು ಹೇಳುವ ಕಥೆಗಳು ಪಾಠಪುಸ್ತಕಗಳಿಗಿಂತ ಬಲವಾದವು. ವಾರ್ಡಿನ ವಿಚಿತ್ರಗಳನ್ನು ನಗುವಿಗಾಗಿ ಹೇಳುವುದನ್ನು ಬಿಟ್ಟು, ಗುಣವಾಗಿ ಹೋದವರನ್ನು ಕುರಿತು, ಹೆಸರು ಕುಲಗಳನ್ನು ಹೊರಗೆಡಹದೆ, ಹೇಳಿರಿ. ಹೊಸದಾಗಿ ಬಂದ ಹುಡುಗಿಯು ಅಂಜಿದರೆ ಅವಳನ್ನು ಗೇಲಿಮಾಡದೆ ಮೊದಲ ದಿವಸ ಅವಳ ಪಕ್ಕದಲ್ಲಿ ನಿಲ್ಲಿರಿ. ನಿಮ್ಮಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದ್ದರೆ ಅದನ್ನು ಒಬ್ಬರೊಡನೆಯಾದರೂ ಹೇಳಿಕೊಳ್ಳಿರಿ. ನಿಮ್ಮ ಶಾಲೆಯ ಬಾಗಿಲು ನಿಮಗೆ ಮುಚ್ಚಿಲ್ಲ.

ಶಾಲೆಯ ಪಾಲಿನ ಕೆಲಸವೂ ಉಂಟು. ಆರೋಗ್ಯಶಾಸ್ತ್ರದ ಪಾಠದಲ್ಲಿ ಹಲ್ಲು, ಕಣ್ಣು, ಕರುಳುಗಳಿಗೆ ಕೊಡುವ ಸ್ಥಾನವನ್ನು ಮನಸ್ಸಿಗೂ ಕೊಡಬೇಕು. ಬೆಳಗಿನ ಪ್ರಾರ್ಥನೆಯಲ್ಲಿ ರೋಗಿಗಳನ್ನು ನೆನೆಯುವಾಗ ಮನಸ್ಸಿನಲ್ಲಿ ನೊಂದವರನ್ನೂ ಬಾಯಿಬಿಟ್ಟು ನೆನೆಯಬೇಕು. ಪ್ರಾರ್ಥನೆಯಲ್ಲಿ ಹೆಸರಿಸಿದುದನ್ನು ಮಕ್ಕಳು ಆಟದ ಬಯಲಿನಲ್ಲಿ ಬೈಗುಳವಾಗಿ ಬಳಸಲು ಹಿಂದೆಗೆಯುತ್ತಾರೆ. ಅಲ್ಲದೆ, ಆಟಪಾಠಗಳಲ್ಲಿ ಚುರುಕಾಗಿದ್ದ ಹುಡುಗಿಯು ಇದ್ದಕ್ಕಿದ್ದಂತೆ ಮೂಲೆ ಸೇರಿದರೆ, ಅವಳನ್ನು ಸೋಮಾರಿಯೆಂದು ಗದರಿಸುವುದಕ್ಕೆ ಮುಂಚೆ ಕಾರಣವನ್ನು ಕೇಳುವ ತಾಳ್ಮೆ ಪ್ರತಿಯೊಬ್ಬ ಉಪಾಧ್ಯಾಯಿನಿಗೂ ಇರಬೇಕು. ತಾನು ನೊಂದಾಗ ತನ್ನ ಮಾತನ್ನು ಕೇಳಿದವರಿದ್ದರೆಂಬುದನ್ನು ಕಂಡ ಹುಡುಗಿಯೇ ನಾಳೆ ವಾರ್ಡಿನಲ್ಲಿ ಇನ್ನೊಬ್ಬರ ಮಾತನ್ನು ಕೇಳುವ ದಾದಿಯಾಗುವಳು.

ದಾದಿಯರ ಶಿಕ್ಷಣವು ನರ್ಸಿಂಗ್ ಶಾಲೆಯ ಮೊದಲ ದಿವಸದಲ್ಲಿ ಆರಂಭವಾಗುವುದಿಲ್ಲ. ಅಡುಗೆಮನೆಯಲ್ಲಿ ತಾಯಿಯು ಆಡುವ ಮಾತಿನಲ್ಲಿ, ದಾರಿಯಲ್ಲಿ ಹೋಗುವ ಬಡ ಚಿತ್ತವಿಕಲನಿಗೆ ತಂದೆಯು ತೋರುವ ಮುಖದಲ್ಲಿ, ಶಾಲೆಯ ಅಂಗಳದಲ್ಲಿ ನಾವು ತಡೆಯುವ ಇಲ್ಲವೆ ತಡೆಯದೆ ಬಿಡುವ ಹಾಸ್ಯದಲ್ಲಿ ಅದು ಆರಂಭವಾಗುತ್ತದೆ. ಆ ಮೊದಲನೆಯ ಪಾಠವನ್ನು ನಾವೆಲ್ಲರೂ ಸೇರಿ ಸರಿಯಾಗಿ ಕಲಿಸುವಂತೆ ದೇವರು ನಮಗೆ ಬುದ್ಧಿಯನ್ನೂ ಕರುಣೆಯನ್ನೂ ಅನುಗ್ರಹಿಸಲಿ.